ಸಣ್ಣ ಪ್ರಮಾಣದ ಮೀನುಗಾರಿಕೆ: ಮೂಲಧನ, ಪಾಲು ಮತ್ತು ಆಡಳಿತ

ಪೀಠಿಕೆ

ಯಾವುದೇ ವ್ಯಾಪಾರದಲ್ಲಿ ಮೂಲಧನ ಬೇರೆ, ಲಾಭ ಬೇರೆ. ಲಾಭದಲ್ಲಿ ಜೀವನ ನಡೆಸಿದವನ ಅಂಗಡಿ ಮುಂದಿನ ತಲೆಮಾರಿಗೂ ಉಳಿಯುತ್ತದೆ. ಮೂಲಧನವನ್ನೇ ಲಾಭವೆಂದು ಬಗೆದು ಖರ್ಚು ಮಾಡಿದವನು ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕುತ್ತಾನೆ. ಈ ಸೂತ್ರ ಸಮುದ್ರಕ್ಕೂ ಅನ್ವಯಿಸುತ್ತದೆ. ನೀರಿನಲ್ಲಿರುವ ಮೀನಿನ ಸಂತತಿಯೇ ಮೂಲಧನ. ಅದು ಪ್ರತಿವರ್ಷ ಮರಿಯಿಟ್ಟು ಬೆಳೆದು ಹೆಚ್ಚುವ ಭಾಗವೇ ಬಡ್ಡಿ. ಬಡ್ಡಿಯಷ್ಟನ್ನೇ ಹಿಡಿದರೆ ಮೀನುಗಾರಿಕೆ ಶಾಶ್ವತವಾದ ಉದ್ಯಮ. ಅದಕ್ಕಿಂತ ಹೆಚ್ಚು ಹಿಡಿದರೆ ಅದು ಆಸ್ತಿ ಮಾರಾಟ. ವ್ಯತ್ಯಾಸವೊಂದೇ: ಈ ಮೂಲಧನಕ್ಕೆ ಒಬ್ಬ ಮಾಲೀಕನಿಲ್ಲ, ಖಾತೆಪುಸ್ತಕವಿಲ್ಲ, ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸುವವರಿಲ್ಲ. ಆದುದರಿಂದಲೇ ಇಲ್ಲಿ ಆಡಳಿತದ ಪ್ರಶ್ನೆ ಬಹು ಮುಖ್ಯವಾಗುತ್ತದೆ.

ಸುಸ್ಥಿರ ಅಭಿವೃದ್ಧಿಯ ಚರ್ಚೆಯಲ್ಲಿ ದೊಡ್ಡ ಹಡಗು, ದೊಡ್ಡ ಬಂದರು, ರಫ್ತಿನ ಅಂಕಿಗಳಿಗೆ ಸಿಗುವಷ್ಟು ಸ್ಥಾನ ನಾಡದೋಣಿಗೆ ಸಿಗುವುದಿಲ್ಲ. ಆದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಇತರ ಎರಡು ಸಂಸ್ಥೆಗಳೊಡನೆ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಗತ್ತಿನಲ್ಲಿ ಹಿಡಿಯಲಾಗುವ ಮೀನಿನಲ್ಲಿ ಕನಿಷ್ಠ ಶೇ. 40 ಭಾಗ ಸಣ್ಣ ಪ್ರಮಾಣದ ಮೀನುಗಾರರದು. ಮೀನು ಹಿಡಿಯುವ ಹಾಗೂ ಅದಕ್ಕೆ ಹೊಂದಿಕೊಂಡ ಕಸುಬುಗಳಲ್ಲಿ ತೊಡಗಿದವರ ಪೈಕಿ ಶೇ. 90ರಷ್ಟು ಮಂದಿ ಈ ವಲಯದವರು. ಅವರಲ್ಲಿ ಹತ್ತಕ್ಕೆ ನಾಲ್ವರು ಮಹಿಳೆಯರು. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 14ನೆಯದು ಸಮುದ್ರಕ್ಕೆ ಸಂಬಂಧಿಸಿದ್ದು. ಸಣ್ಣ ಮೀನುಗಾರನಿಗೆ ಸಮುದ್ರದ ಸಂಪನ್ಮೂಲವೂ ಮಾರುಕಟ್ಟೆಯೂ ದೊರಕಬೇಕೆಂಬುದು ಅದರೊಳಗಿನ ಒಂದು ಸ್ಪಷ್ಟ ಅಂಶ. ಹೀಗೆ ಇದು ಅನುಕಂಪದ ವಿಷಯವಾಗಿ ಉಳಿದಿಲ್ಲ. ಉದ್ಯೋಗ, ಆಹಾರ ಹಾಗೂ ಕಚ್ಚಾವಸ್ತುವಿನ ವಿಷಯವಾಗಿದೆ.

ಕರ್ನಾಟಕದ ಕರಾವಳಿಯಲ್ಲಿ ಈ ವಲಯದ ಸ್ವರೂಪ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ, ಈ ಮೂರು ಜಿಲ್ಲೆಗಳ ತೀರದಲ್ಲಿ ಮೀನುಗಾರಿಕೆ ಮೂರು ಮಟ್ಟಗಳಲ್ಲಿ ನಡೆಯುತ್ತದೆ. ಮೊದಲನೆಯದು ಮಂಗಳೂರು, ಮಲ್ಪೆ, ಗಂಗೊಳ್ಳಿಗಳಂತಹ ಬಂದರುಗಳಿಂದ ಹೊರಡುವ ಯಾಂತ್ರೀಕೃತ ಟ್ರಾಲ್ ಮತ್ತು ಪರ್ಸಿನ್ ದೋಣಿಗಳದು. ಎರಡನೆಯದು ಹೊರಭಾಗಕ್ಕೆ ಎಂಜಿನ್ ಜೋಡಿಸಿದ ನಾಡದೋಣಿಗಳದು. ಇವು ಮುಂಜಾನೆ ಹೊರಟು ಅದೇ ದಿನ ದಡ ಸೇರುತ್ತವೆ. ಮೂರನೆಯದು ಎಂಜಿನ್ನೇ ಇಲ್ಲದ ದೋಣಿ, ದಡದಿಂದ ಎಳೆಯುವ ಕೈರಂಪಣಿ, ಬೀಸುಬಲೆ ಹಾಗೂ ನದೀಮುಖದಲ್ಲಿ ಕೈಯಿಂದಲೇ ಚಿಪ್ಪು ಆಯುವವರದು. ಎರಡನೆಯ ಮತ್ತು ಮೂರನೆಯ ಮಟ್ಟಗಳನ್ನು ಒಟ್ಟಾಗಿ ಸಣ್ಣ ಪ್ರಮಾಣದ ಮೀನುಗಾರಿಕೆ ಎನ್ನಬಹುದು. ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ ಮೊದಲಾದ ಸಮುದಾಯಗಳು ತಲೆಮಾರುಗಳಿಂದ ಈ ಕಸುಬನ್ನು ನಡೆಸಿಕೊಂಡು ಬಂದಿವೆ.

ದೋಣಿಯ ಜೊತೆಗೆ ದಡದ ಕೆಲಸವನ್ನೂ ಈ ವಲಯದ ಲೆಕ್ಕಕ್ಕೆ ಸೇರಿಸಬೇಕು. ಮೀನು ಬೇರ್ಪಡಿಸುವವರು, ಒಣಗಿಸುವವರು, ಬುಟ್ಟಿ ಹೊತ್ತು ಊರೂರು ತಿರುಗಿ ಮಾರುವವರು ಬಹುತೇಕ ಮಹಿಳೆಯರು. ಕುಮಟಾ ತಾಲ್ಲೂಕಿನ ಅಘನಾಶಿನಿ ನದೀಮುಖದಲ್ಲಿ ಚಿಪ್ಪು ಆಯುವ ಕಸುಬು ಸಾವಿರಾರು ಕೈಗಳಿಗೆ ಕೆಲಸ ಕೊಟ್ಟಿದೆ. ಈ ನದೀಮುಖಕ್ಕೆ 2024ರ ಜನವರಿಯಲ್ಲಿ ರಾಮ್ಸಾರ್ ಜೌಗು ಪ್ರದೇಶವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಉಪ್ಪುನೀರಿನಲ್ಲಿಯೂ ಬೆಳೆಯುವ ಕಗ್ಗ ಭತ್ತ ಮತ್ತು ಮೀನು, ಸಿಗಡಿಗಳು ಒಂದೇ ಗಜನಿ ಗದ್ದೆಯಲ್ಲಿ ಸರದಿಯಂತೆ ಬೆಳೆಯುವ ವ್ಯವಸ್ಥೆಯೂ ಅಲ್ಲಿಯದೇ. ಇಂತಹ ಕಸುಬುಗಳು ಕಂಪನಿಗಳ ಆಯವ್ಯಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆದರೆ ಇವುಗಳ ಹಿಂದೆ ಮಂಜುಗಡ್ಡೆ ಕಾರ್ಖಾನೆ, ಬಲೆ ಅಂಗಡಿ, ಎಂಜಿನ್ ದುರಸ್ತಿ ಕೇಂದ್ರ, ಉಪ್ಪಿನ ವರ್ತಕ, ಲಾರಿ ಮಾಲೀಕ ಎಲ್ಲರೂ ಇದ್ದಾರೆ.

ಒಂದು ದೋಣಿಯ ಲೆಕ್ಕ

ಸಣ್ಣ ದೋಣಿಯ ಅರ್ಥವ್ಯವಸ್ಥೆಯನ್ನು ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಐವರು ಹೋದ ದೋಣಿಯೊಂದಕ್ಕೆ ಒಂದು ದಿನ 12,000 ರೂ. ಬೆಲೆಯ ಮೀನು ಸಿಕ್ಕಿತೆಂದು ಭಾವಿಸೋಣ. ಇಂಧನಕ್ಕೆ 3,000 ರೂ., ಮಂಜುಗಡ್ಡೆ ಮತ್ತು ಊಟಕ್ಕೆ 500 ರೂ. ಕಳೆದರೆ ಉಳಿಯುವುದು 8,500 ರೂ. ಇದರಲ್ಲಿ ಶೇ. 40, ಅಂದರೆ 3,400 ರೂ., ದೋಣಿ, ಬಲೆ ಮತ್ತು ಎಂಜಿನ್ನಿನ ಪಾಲು. ಉಳಿದ 5,100 ರೂ.ಗಳನ್ನು ಐವರು ಹಂಚಿಕೊಂಡರೆ ತಲಾ 1,020 ರೂ. ಬರುತ್ತದೆ.

ಮರುದಿನ ಮೀನು ಕಾಲುಭಾಗ ಕಡಿಮೆಯಾಗಿ 9,000 ರೂ. ಮಾತ್ರ ಬಂದರೆ ಇಂಧನದ ಖರ್ಚು ಕಡಿಮೆಯಾಗುವುದಿಲ್ಲ. ಖರ್ಚು ಕಳೆದು 5,500 ರೂ. ಉಳಿಯುತ್ತದೆ, ದೋಣಿಯ ಪಾಲು 2,200 ರೂ., ಪ್ರತಿಯೊಬ್ಬನ ಪಾಲು 660 ರೂ. ಮೀನು ಶೇ. 25ರಷ್ಟು ಇಳಿದರೆ ಆದಾಯ ಶೇ. 35ರಷ್ಟು ಇಳಿಯಿತು. ಮೀನು ದಡದಿಂದ ದೂರವಾಗಿ, ಅದನ್ನು ಹುಡುಕಲು ಇನ್ನಷ್ಟು ಇಂಧನ ಸುಡಬೇಕಾದರೆ ಇಳಿಕೆ ಮತ್ತೂ ತೀವ್ರ.

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಡುತ್ತವೆ. ಒಂದು, ಇಲ್ಲಿ ಕೂಲಿಯೆಂಬುದಿಲ್ಲ, ಪಾಲು ಮಾತ್ರ ಇದೆ. ನಷ್ಟವನ್ನು ಮಾಲೀಕನೊಡನೆ ದುಡಿಯುವವನೂ ಹೊರುತ್ತಾನೆ. ಎರಡು, ತೀರದ ಸಮೀಪದ ನೀರಿನಲ್ಲಿ ಮೀನಿನ ಸಂಗ್ರಹ ಸ್ವಲ್ಪ ಕುಸಿದರೂ ಮೊದಲು ಮುಳುಗುವುದು ಸಣ್ಣ ದೋಣಿ. ದೊಡ್ಡ ದೋಣಿ ಇನ್ನಷ್ಟು ದೂರ ಹೋಗಬಲ್ಲದು. ನಾಡದೋಣಿಗೆ ಆ ಶಕ್ತಿಯಿಲ್ಲ.

ರಂಪಣಿ ಕಲಿಸುವ ಪಾಠ

ಕರ್ನಾಟಕ ಕರಾವಳಿಯ ಮೀನುಗಾರಿಕೆಯ ಇತಿಹಾಸದಲ್ಲಿ ರಂಪಣಿಯದು ದೊಡ್ಡ ಅಧ್ಯಾಯ. ದೋಣಿಯೊಂದು ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ಅರ್ಧಚಂದ್ರಾಕಾರವಾಗಿ ಸಾಗಿ, ಇನ್ನೊಂದು ತುದಿಯನ್ನು ಮತ್ತೆ ದಡಕ್ಕೆ ತರುತ್ತಿತ್ತು. ಬಳಿಕ ಹತ್ತಾರು ಮಂದಿ ಎರಡೂ ತುದಿಗಳನ್ನು ಹಿಡಿದು ಎಳೆಯುತ್ತಿದ್ದರು. ಮಳೆಗಾಲ ಮುಗಿದ ಮೇಲೆ ತೀರದತ್ತ ಹಿಂಡುಹಿಂಡಾಗಿ ಬರುವ ಬಂಗುಡೆ ಮತ್ತು ಬೂತಾಯಿ ಇದರ ಮುಖ್ಯ ಬೆಳೆ. ಬಲೆಯನ್ನು ಹಲವು ತುಂಡುಗಳಿಂದ ಜೋಡಿಸುತ್ತಿದ್ದರು. ಬಂದ ಮೀನಿನಲ್ಲಿ ಬಲೆಗೊಂದು ಪಾಲು, ದುಡಿಮೆಗೊಂದು ಪಾಲು ಸಲ್ಲುತ್ತಿತ್ತು. ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ರಂಪಣಿಯು ನೋಂದಣಿಯಾಗದ ಒಂದು ಪಾಲುದಾರಿಕೆ ಸಂಸ್ಥೆಯೇ ಆಗಿತ್ತು.

1970ರ ದಶಕದ ಮಧ್ಯಭಾಗದಲ್ಲಿ ಪರ್ಸಿನ್ ಬಲೆಯ ಯಾಂತ್ರೀಕೃತ ದೋಣಿಗಳು ಬಂದವು. ರಂಪಣಿ ಮೀನಿಗಾಗಿ ದಡದಲ್ಲಿ ಕಾಯುತ್ತಿತ್ತು. ಪರ್ಸಿನ್ ದೋಣಿ ಮೀನಿನ ಹಿಂಡು ದಡ ಸೇರುವ ಮುನ್ನವೇ ಹೋಗಿ ಅದನ್ನು ಸುತ್ತುವರಿಯಿತು. ಕೆಲವೇ ವರ್ಷಗಳಲ್ಲಿ ರಂಪಣಿಗಳಿಗೆ ಮೀನು ಬರುವುದು ಬಹುಮಟ್ಟಿಗೆ ನಿಂತಿತು. ತೀರದುದ್ದಕ್ಕೂ ಘರ್ಷಣೆಗಳು ನಡೆದವು. ಮುಂದೆ ರಂಪಣಿಯವರಲ್ಲಿಯೇ ಹಲವರು ಗುಂಪು ಕಟ್ಟಿ ಪರ್ಸಿನ್ ದೋಣಿಗಳಿಗೆ ಪಾಲುದಾರರಾದರು. ಇನ್ನು ಹಲವರು ಅವೇ ದೋಣಿಗಳಲ್ಲಿ ದುಡಿಯುವವರಾದರು. ದೊಡ್ಡ ರಂಪಣಿ ಮರೆಯಾಯಿತು; ಅದರ ಕಿರಿಯ ರೂಪವಾದ ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿಯಿತು.

ಹೊಸ ತಂತ್ರಜ್ಞಾನ ತಪ್ಪೆಂದು ಈ ಇತಿಹಾಸ ಹೇಳುವುದಿಲ್ಲ. ಯಾಂತ್ರೀಕರಣದಿಂದ ಬಂದರುಗಳು ಬೆಳೆದವು, ಮಂಜುಗಡ್ಡೆ, ಶೀತಲಗೃಹ, ರಫ್ತು ಉದ್ಯಮಗಳು ಹುಟ್ಟಿದವು. ಅದು ಹೇಳುವ ಮಾತು ಬೇರೆ. ರಂಪಣಿಗೆ ಅದರ ಸ್ವಭಾವದಲ್ಲಿಯೇ ಒಂದು ಮಿತಿಯಿತ್ತು: ದಡಕ್ಕೆ ಬಂದ ಮೀನು ಮಾತ್ರ, ಋತುವಿನಲ್ಲಿ ಮಾತ್ರ. ಆ ಮಿತಿಯೇ ಬರೆಯದ ಕಾನೂನಾಗಿ ಮೂಲಧನವನ್ನು ಕಾಯುತ್ತಿತ್ತು. ಹೊಸ ಬಲೆ ಆ ಮಿತಿಯನ್ನು ತೆಗೆದುಹಾಕಿತು. ಅದರ ಸ್ಥಾನದಲ್ಲಿ ಬರೆದ ಕಾನೂನು ಬರಲು ಸುಮಾರು ಹತ್ತು ವರ್ಷ ಹಿಡಿಯಿತು. ಸಾಲ, ಸಹಾಯಧನ ಮತ್ತು ಯಂತ್ರ ಮೊದಲು ಬಂದು, ನಿಯಮ ಕೊನೆಗೆ ಬಂದಾಗ ಆ ನಡುವಿನ ಅವಧಿಯ ನಷ್ಟವನ್ನು ಸಣ್ಣವರೇ ಭರಿಸಬೇಕಾಗುತ್ತದೆ.

ಕಾನೂನಿನ ಚೌಕಟ್ಟು

ಸಂವಿಧಾನದ ಏಳನೆಯ ಅನುಸೂಚಿಯಂತೆ ಮೀನುಗಾರಿಕೆ ರಾಜ್ಯಪಟ್ಟಿಯ ವಿಷಯ. ಪ್ರಾದೇಶಿಕ ಜಲದ ಆಚೆಗಿನ ಮೀನುಗಾರಿಕೆ ಕೇಂದ್ರಪಟ್ಟಿಯ ವಿಷಯ. 1976ರ ಕೇಂದ್ರ ಕಾಯಿದೆ ಪ್ರಾದೇಶಿಕ ಜಲವನ್ನು 12 ನಾಟಿಕಲ್ ಮೈಲಿಗಳಿಗೂ, ಪ್ರತ್ಯೇಕ ಆರ್ಥಿಕ ವಲಯವನ್ನು 200 ನಾಟಿಕಲ್ ಮೈಲಿಗಳಿಗೂ ನಿಗದಿಪಡಿಸಿತು. ಕೇರಳ ಮತ್ತು ಗೋವಾ 1980ರಲ್ಲಿ, ತಮಿಳುನಾಡು 1983ರಲ್ಲಿ, ಕರ್ನಾಟಕ 1986ರಲ್ಲಿ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಗಳನ್ನು ರೂಪಿಸಿದವು. ದೋಣಿಗೆ ಪರವಾನಗಿ, ಬಲೆಯ ಬಗೆಯ ಮೇಲೆ ನಿರ್ಬಂಧ, ತೀರದ ಸಮೀಪದ ಪಟ್ಟಿಯನ್ನು ಸಾಂಪ್ರದಾಯಿಕ ದೋಣಿಗಳಿಗೆ ಮೀಸಲಿಡುವ ಅಧಿಕಾರ, ಇವು ಈ ಕಾಯಿದೆಗಳ ತಿರುಳು.

ಇಂತಹ ನಿರ್ಬಂಧ ವ್ಯಾಪಾರ ಸ್ವಾತಂತ್ರ್ಯಕ್ಕೆ ವಿರುದ್ಧವಲ್ಲವೇ ಎಂಬ ಪ್ರಶ್ನೆ ವರ್ತಕರಿಗೆ ಸಹಜ. ಕೇರಳ ಸರ್ಕಾರ 1984ರಲ್ಲಿ ಪ್ರಾದೇಶಿಕ ಜಲದಲ್ಲಿ ಪರ್ಸಿನ್, ರಿಂಗ್‌ಸೀನ್ ಮೊದಲಾದ ಬಲೆಗಳನ್ನು ನಿಷೇಧಿಸಿದಾಗ ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕೇರಳ ರಾಜ್ಯ ಮತ್ತು ಜೋಸೆಫ್ ಆಂಟನಿ ನಡುವಿನ ಪ್ರಕರಣದಲ್ಲಿ 1993ರಲ್ಲಿ ನ್ಯಾಯಾಲಯವು ನಿಷೇಧವನ್ನು ಎತ್ತಿಹಿಡಿಯಿತು. ಸಂವಿಧಾನದ 19ನೆಯ ವಿಧಿ ಕೊಡುವ ವ್ಯಾಪಾರದ ಹಕ್ಕು ಸಾರ್ವಜನಿಕ ಹಿತದ ಯುಕ್ತ ನಿರ್ಬಂಧಕ್ಕೆ ಒಳಪಟ್ಟಿದೆ. ಸಾಂಪ್ರದಾಯಿಕ ಮೀನುಗಾರರ ಜೀವನೋಪಾಯವನ್ನೂ ಮೀನಿನ ಸಂತತಿಯನ್ನೂ ರಕ್ಷಿಸುವುದು ಅಂತಹ ಸಾರ್ವಜನಿಕ ಹಿತ ಎಂಬುದು ಆ ತೀರ್ಪಿನ ಸಾರಾಂಶ. ಸಮುದ್ರದ ವ್ಯಾಪಾರದಲ್ಲಿ ಹೂಡಿಕೆ ಮಾಡುವ ಪ್ರತಿಯೊಬ್ಬ ಉದ್ಯಮಿಯೂ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮಳೆಗಾಲದ ನಿಷೇಧ ಇನ್ನೊಂದು ಮುಖ್ಯ ಸಾಧನ. 2015ರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಏಕರೂಪದ ನಿಷೇಧ ಜಾರಿಯಲ್ಲಿದೆ. ಕರ್ನಾಟಕದಲ್ಲಿ ಎಂಜಿನ್ ಇಲ್ಲದ ದೋಣಿಗಳಿಗೂ 10 ಅಶ್ವಶಕ್ತಿಯವರೆಗಿನ ನಾಡದೋಣಿಗಳಿಗೂ ಇದರಿಂದ ವಿನಾಯಿತಿಯಿದೆ. ಯಂತ್ರ ಬರುವ ಮೊದಲು ಮಳೆಗಾಲದ ಕಡಲೇ ಈ ನಿಷೇಧವನ್ನು ಹೇರುತ್ತಿತ್ತು. ನೂಲ ಹುಣ್ಣಿಮೆಯ ಸಮುದ್ರ ಪೂಜೆಯ ಬಳಿಕವೇ ದೋಣಿ ಇಳಿಸುವ ರೂಢಿ ಇಂದಿಗೂ ಹಲವೆಡೆ ಇದೆ. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಎಲ್‌ಇಡಿ ದೀಪ ಹಾಗೂ ಬುಲ್ ಟ್ರಾಲ್ ಮೀನುಗಾರಿಕೆಯನ್ನು ನಿಷೇಧಿಸಿತು. ಆದರೂ ಕರಾವಳಿಯಲ್ಲಿ ನಾಡದೋಣಿ ಮೀನುಗಾರರ ಪ್ರತಿಭಟನೆಗಳಿಗೆ ಈ ಎರಡು ಪದ್ಧತಿಗಳೇ ಮತ್ತೆ ಮತ್ತೆ ಕಾರಣವಾಗಿವೆ. ಆದೇಶ ಹೊರಡಿಸುವುದು ಸುಲಭ. ರಾತ್ರಿಯ ಕಡಲಿನಲ್ಲಿ ಅದನ್ನು ಜಾರಿಗೊಳಿಸುವುದು ಕಷ್ಟ.

ಮೀನುಮರಿಯ ಬೆಲೆ

ಮೂಲಧನ ಕರಗುವ ಬಗೆಯನ್ನು ಕೇರಳದ ಬೂತಾಯಿಯ ಉದಾಹರಣೆ ಸ್ಪಷ್ಟವಾಗಿ ತೋರಿಸುತ್ತದೆ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್ ಮಾತ್ರ. ಸಮುದ್ರದ ಉಷ್ಣತೆಯಲ್ಲಿ ಆದ ಬದಲಾವಣೆ ಇದಕ್ಕೆ ಒಂದು ಕಾರಣ. ಬೆಳೆಯುವ ಮುನ್ನವೇ ಮರಿಗಳನ್ನು ಹಿಡಿದದ್ದು ಇನ್ನೊಂದು ಕಾರಣ. ಮೊದಲನೆಯದು ಮೀನುಗಾರನ ಕೈಯಲ್ಲಿಲ್ಲ, ಎರಡನೆಯದು ಇದೆ.

ಇಲ್ಲಿಯೂ ಒಂದು ಕಲ್ಪಿತ ಲೆಕ್ಕ ಉಪಯುಕ್ತ. ತಲಾ 20 ಗ್ರಾಂ ತೂಕದ 1,000 ಕಿಲೋ ಬಂಗುಡೆ ಮರಿಗಳನ್ನು ಹಿಡಿದರೆ ಅವುಗಳ ಸಂಖ್ಯೆ 50,000. ತಿನ್ನಲು ಬಾರದ ಈ ಮರಿ ಫಿಶ್‌ಮೀಲ್ ಕಾರ್ಖಾನೆಗೆ ಕಿಲೋಗೆ 20 ರೂ.ನಂತೆ ಹೋದರೆ 20,000 ರೂ. ಬರುತ್ತದೆ. ಹಿಡಿಯದೆ ಬಿಟ್ಟ ಮರಿಗಳಲ್ಲಿ ನಾಲ್ಕನೆಯ ಒಂದು ಭಾಗ ಮಾತ್ರ ಉಳಿದು ತಲಾ 100 ಗ್ರಾಂ ಬೆಳೆದರೂ 12,500 ಮೀನು, ಅಂದರೆ 1,250 ಕಿಲೋ ದೊರೆಯುತ್ತದೆ. ಕಿಲೋಗೆ 100 ರೂ. ಹಿಡಿದರೆ 1,25,000 ರೂ. ಕೆಲವು ತಿಂಗಳು ಕಾದದ್ದಕ್ಕೆ ಆರು ಪಟ್ಟಿಗೂ ಹೆಚ್ಚಿನ ಪ್ರತಿಫಲ! ಆದರೆ ಕಾದವನಿಗೇ ಆ ಮೀನು ಸಿಗುವ ಭರವಸೆಯಿಲ್ಲ. ತಾನು ಬಿಟ್ಟದ್ದನ್ನು ನಾಳೆ ಇನ್ನೊಬ್ಬನು ಹಿಡಿಯುತ್ತಾನೆಂಬ ಭಯವೇ ಇಂದು ಮರಿ ಹಿಡಿಯಲು ಪ್ರೇರಣೆ. ಒಬ್ಬೊಬ್ಬನ ವಿವೇಕದಿಂದ ಈ ಸಮಸ್ಯೆ ಬಗೆಹರಿಯುವುದಿಲ್ಲ. ಎಲ್ಲರಿಗೂ ಅನ್ವಯಿಸುವ ನಿಯಮ ಬೇಕಾಗುತ್ತದೆ.

ಕೇರಳ ಸರ್ಕಾರ 2015ರಲ್ಲಿ 14 ಜಾತಿಯ, 2017ರ ವೇಳೆಗೆ 58 ಜಾತಿಯ ಮೀನುಗಳಿಗೆ ಹಿಡಿಯಬಹುದಾದ ಕನಿಷ್ಠ ಉದ್ದವನ್ನು ನಿಗದಿಪಡಿಸಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಎಂಬಂತಹ ಸರಳ ಅಳತೆಯಾದುದರಿಂದ ಮೀನುಗಾರನೂ ವರ್ತಕನೂ ಅಧಿಕಾರಿಯೂ ಒಂದೇ ಪಟ್ಟಿಯಿಂದ ಅಳೆಯಬಹುದು. ಆಡಳಿತದ ನಿಯಮ ಎಷ್ಟು ಸರಳವೋ ಅದರ ಪಾಲನೆ ಅಷ್ಟು ಸುಲಭ.

ಆಡಳಿತವೆಂದರೆ ಇಲಾಖೆ ಮಾತ್ರವಲ್ಲ

ಎಲ್ಲರಿಗೂ ಸೇರಿದ ಸಂಪನ್ಮೂಲ ಕೊನೆಗೆ ಹಾಳಾಗುತ್ತದೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದರು. ಸರ್ಕಾರದ ಹಿಡಿತ ಅಥವಾ ಖಾಸಗಿ ಒಡೆತನ, ಇವೆರಡೇ ಪರಿಹಾರವೆಂಬ ನಂಬಿಕೆ ಅಲ್ಲಿಂದ ಬೇರೂರಿತು. ಬಳಕೆದಾರರೇ ನಿಯಮ ಮಾಡಿಕೊಂಡು ಸಂಪನ್ಮೂಲವನ್ನು ಉಳಿಸಿಕೊಂಡ ಹಲವು ಉದಾಹರಣೆಗಳನ್ನು ಎಲಿನಾರ್ ಆಸ್ಟ್ರಮ್ 1990ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಅವರು ವಿವರಿಸಿದವುಗಳಲ್ಲಿ ತುರ್ಕಿಯ ಅಲಾನ್ಯ ಎಂಬ ಊರಿನ ಮೀನುಗಾರಿಕೆಯೂ ಒಂದು. ಅಲ್ಲಿ ಪ್ರತಿವರ್ಷ ಸೆಪ್ಟೆಂಬರ್‌ನಲ್ಲಿ ಅರ್ಹ ಮೀನುಗಾರರ ಪಟ್ಟಿ ಮಾಡಿ, ಬಲೆ ಹಾಕುವ ಸ್ಥಳಗಳನ್ನು ಹೆಸರಿಸಿ, ಚೀಟಿ ಎತ್ತುತ್ತಿದ್ದರು. ಚೀಟಿಯಲ್ಲಿ ಬಂದ ಸ್ಥಳದಿಂದ ಆರಂಭಿಸಿ ಪ್ರತಿದಿನ ಒಂದೊಂದು ಸ್ಥಳ ಮುಂದಕ್ಕೆ ಸರಿಯಬೇಕು. ಒಳ್ಳೆಯ ಜಾಗ ಎಲ್ಲರಿಗೂ ಸರದಿಯಲ್ಲಿ ಸಿಗುವುದರಿಂದ ಜಗಳವಿಲ್ಲ. ತನ್ನ ಸರದಿಯ ಜಾಗವನ್ನು ಬೇರೆಯವರು ಆಕ್ರಮಿಸದಂತೆ ಪ್ರತಿಯೊಬ್ಬನೂ ತಾನೇ ಕಾವಲುಗಾರ. ನೆರೆಯ ತಮಿಳುನಾಡಿನ ಪಳವೇರ್ಕಾಡು ಸರೋವರದಲ್ಲಿ ‘ಪಾಡು’ ಎಂಬ ಹೆಸರಿನಲ್ಲಿ ಇದೇ ರೀತಿಯ ಸರದಿ ಪದ್ಧತಿ ಬಹುಕಾಲದಿಂದ ಇದೆ.

ಮಾರಾಟದ ಆಡಳಿತಕ್ಕೂ ಮಾದರಿಗಳಿವೆ. ದಡದಲ್ಲಿ ಹರಾಜು ಕೂಗುವವನೇ ದೋಣಿಗೆ ಮುಂಗಡ ಕೊಟ್ಟವನಾದರೆ ಬೆಲೆ ಕಟ್ಟುವ ಸ್ವಾತಂತ್ರ್ಯ ಮೀನುಗಾರನಿಗೆ ಉಳಿಯುವುದಿಲ್ಲ. ಈ ಗಂಟನ್ನು ಬಿಡಿಸಲು ಕೇರಳದ ತಿರುವನಂತಪುರ ಕಡೆಯ ಗ್ರಾಮ ಸಂಘಗಳು ಹರಾಜಿನ ಹಕ್ಕನ್ನು ತಾವೇ ವಹಿಸಿಕೊಂಡವು. 1980ರಲ್ಲಿ ಆರಂಭವಾದ ದಕ್ಷಿಣ ಭಾರತ ಮೀನುಗಾರರ ಸಂಘಗಳ ಒಕ್ಕೂಟ ಈ ಮಾದರಿಯನ್ನು ವಿಸ್ತರಿಸಿತು. ಮಾರಾಟ, ಸಾಲ, ಉಳಿತಾಯ ಮೂರನ್ನೂ ಒಂದೇ ಕಡೆ ಜೋಡಿಸಿದ್ದೇ ಇದರ ಶಕ್ತಿ: ಮೀನು ಮಾರಿದ ಹಣದಿಂದಲೇ ಒಂದು ಅಂಶ ಸಾಲಕ್ಕೂ ಇನ್ನೊಂದು ಅಂಶ ಉಳಿತಾಯಕ್ಕೂ ಹೋಗುತ್ತದೆ.

ಸಹಕಾರಿ ಸಂಘ ಯಾರ ಕೈಯಲ್ಲಿರಬೇಕೆಂಬುದನ್ನು ತೆರಿಗೆ ಕಾನೂನೂ ಗುರುತಿಸಿತ್ತು. 1961ರ ಆದಾಯ ತೆರಿಗೆ ಕಾಯಿದೆಯ 80ಪಿ ಕಲಮು ಮೀನುಗಾರಿಕಾ ಸಹಕಾರಿ ಸಂಘಗಳ ಆದಾಯಕ್ಕೆ ಪೂರ್ಣ ಕಡಿತವನ್ನು ಕೊಟ್ಟಿತು. ಆದರೆ ಅದಕ್ಕೊಂದು ಷರತ್ತು ವಿಧಿಸಿತು: ಮತದಾನದ ಹಕ್ಕು ನಿಜವಾಗಿ ಮೀನುಗಾರಿಕೆ ಅಥವಾ ಅದರ ಪೂರಕ ಕಸುಬು ನಡೆಸುವ ಸದಸ್ಯರಿಗೆ, ಸಂಘಕ್ಕೆ ಹಣ ಒದಗಿಸುವ ಸಹಕಾರಿ ಸಾಲ ಸಂಘಗಳಿಗೆ ಹಾಗೂ ರಾಜ್ಯ ಸರ್ಕಾರಕ್ಕೆ ಮಾತ್ರ ಸೀಮಿತವಾಗಿರಬೇಕು. ಕಸುಬಿಲ್ಲದವರ ಕೈಗೆ ಸಂಘ ಹೋದರೆ ವಿನಾಯಿತಿಯ ಉದ್ದೇಶವೇ ಸೋಲುತ್ತದೆಂಬ ತಿಳಿವಳಿಕೆ ಇದರ ಹಿಂದಿದೆ.

2014ರಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆಯ ಮೀನುಗಾರಿಕಾ ಸಮಿತಿ ಸಣ್ಣ ಪ್ರಮಾಣದ ಮೀನುಗಾರಿಕೆಗೆಂದೇ ಐಚ್ಛಿಕ ಮಾರ್ಗಸೂಚಿಯನ್ನು ಅಂಗೀಕರಿಸಿತು. ನೀರಿನ ಮೇಲೂ ತೀರದ ನೆಲದ ಮೇಲೂ ಹಕ್ಕಿನ ಭದ್ರತೆ, ನಿರ್ಧಾರಗಳಲ್ಲಿ ಮೀನುಗಾರರ ಭಾಗವಹಿಸುವಿಕೆ, ಮಹಿಳೆಯರಿಗೆ ಸಮಾನ ಸ್ಥಾನ ಇವು ಅದರ ಮುಖ್ಯಾಂಶಗಳು. ನೆಲದ ಪ್ರಶ್ನೆ ಕರ್ನಾಟಕಕ್ಕೂ ದೂರದ್ದಲ್ಲ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಯೋಜನೆಗೆ ಮೀನುಗಾರರು ಒಡ್ಡಿದ ವಿರೋಧದ ಹಿಂದೆ ಮೀನು ಒಣಗಿಸುವ ಹಾಗೂ ದೋಣಿ ಎಳೆಯುವ ಮರಳ ದಂಡೆ ಕೈತಪ್ಪುವ ಆತಂಕವಿತ್ತು. ಬಂದರಿನಿಂದ ವಾಣಿಜ್ಯ ಬೆಳೆಯುತ್ತದೆ, ನಿಜ. ಆದರೆ ಆ ದಂಡೆಯ ಮೇಲೆ ಈಗಾಗಲೇ ನಡೆಯುತ್ತಿರುವ ವಾಣಿಜ್ಯವನ್ನು ಶೂನ್ಯವೆಂದು ಹಿಡಿದು ಯೋಜನಾ ವರದಿಯ ಲೆಕ್ಕ ಮಾಡಿದರೆ ಅದು ಅಪೂರ್ಣ ಲೆಕ್ಕ.

ಸಾಲ, ಸಹಾಯಧನ ಮತ್ತು ತೆರಿಗೆ

2018-19ರ ಕೇಂದ್ರ ಆಯವ್ಯಯದಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು ಮೀನುಗಾರರಿಗೂ ವಿಸ್ತರಿಸಲಾಯಿತು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಗೆ 20,050 ಕೋಟಿ ರೂ. ಹೂಡಿಕೆಯ ಅಂದಾಜು ಇತ್ತು. ನಿಷೇಧದ ಅವಧಿಯ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರನು 1,500 ರೂ. ಉಳಿಸಿದರೆ ಸರ್ಕಾರಗಳ 3,000 ರೂ. ಸೇರಿ ಒಟ್ಟು 4,500 ರೂ. ದೊರೆಯುತ್ತದೆ. ಎರಡು ತಿಂಗಳ ಸಂಸಾರಕ್ಕೆ ಈ ಮೊತ್ತ ಎಷ್ಟು ಕಡಿಮೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಲಧನ ಕಾಯುವ ಕೆಲಸಕ್ಕಾಗಿ ಮನೆಯಲ್ಲಿ ಕುಳಿತವನಿಗೆ ಸಮಾಜ ಕೊಡುವ ಪ್ರತಿಫಲ ಅದು.

2023ರ ಜುಲೈನಲ್ಲಿ ಮಂಡನೆಯಾದ ರಾಜ್ಯ ಆಯವ್ಯಯದಲ್ಲಿ ದೋಣಿಗಳಿಗೆ ಕೊಡುವ ತೆರಿಗೆರಹಿತ ಡೀಸೆಲ್ಲಿನ ಮಿತಿಯನ್ನು 1.5 ಲಕ್ಷ ಕಿಲೋಲೀಟರಿನಿಂದ 2 ಲಕ್ಷ ಕಿಲೋಲೀಟರಿಗೆ, ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲದ ಮಿತಿಯನ್ನು 50,000 ರೂ.ಗಳಿಂದ 3 ಲಕ್ಷ ರೂ.ಗಳಿಗೆ ಏರಿಸಲಾಯಿತು. ಇವೆರಡರ ಸ್ವಭಾವ ಬೇರೆಬೇರೆ. ಇಂಧನದ ಸಹಾಯ ಹೆಚ್ಚು ಇಂಧನ ಸುಡುವವನಿಗೆ ಹೆಚ್ಚು ತಲಪುತ್ತದೆ. ಅದರಿಂದ ಹಿಡಿಯುವ ಶಕ್ತಿ ಬೆಳೆಯುತ್ತದೆ. ಮಾರುವ ಮಹಿಳೆಗೆ ಕೊಟ್ಟ ಸಾಲ ಹಿಡಿದ ಮೀನಿನ ಮೌಲ್ಯವನ್ನು ಹೆಚ್ಚಿಸುತ್ತದೆ. ಸಮುದ್ರದ ಮೂಲಧನವನ್ನು ಮುಟ್ಟುವುದಿಲ್ಲ. ಮಂಜುಗಡ್ಡೆ, ಶೀತಲ ಪೆಟ್ಟಿಗೆ, ಸ್ವಚ್ಛ ಹರಾಜುಕಟ್ಟೆ, ಒಣಮೀನಿನ ಅಂಗಳಗಳಿಗೆ ಹೂಡಿದ ಹಣವೂ ಇದೇ ವರ್ಗದ್ದು. ವಿಶ್ವ ವಾಣಿಜ್ಯ ಸಂಸ್ಥೆಯ ಮೀನುಗಾರಿಕಾ ಸಹಾಯಧನ ಒಪ್ಪಂದ 2022ರಲ್ಲಿ ಅಂಗೀಕಾರವಾಗಿ 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಅಕ್ರಮ ಮೀನುಗಾರಿಕೆಗೂ ಅತಿಯಾಗಿ ಹಿಡಿದು ಕುಸಿದ ಸಂತತಿಗಳ ಮೀನುಗಾರಿಕೆಗೂ ಕೊಡುವ ಸಹಾಯಧನವನ್ನು ಅದು ನಿಯಂತ್ರಿಸುತ್ತದೆ. ಜಗತ್ತಿನ ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆಯೆಂಬುದಕ್ಕೆ ಇದು ಸೂಚನೆ.

2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಪ್ರತ್ಯೇಕ ಆರ್ಥಿಕ ವಲಯದ ಮೀನುಗಾರಿಕೆಗೆ ಹೊಸ ನಿಯಮಗಳನ್ನು ಹೊರಡಿಸಿ, ಆಳಸಮುದ್ರದ ಮೀನುಗಾರಿಕೆಯಲ್ಲಿ ಸಹಕಾರಿ ಸಂಘಗಳಿಗೂ ಮೀನುಗಾರ ಉತ್ಪಾದಕ ಸಂಸ್ಥೆಗಳಿಗೂ ಆದ್ಯತೆ ನೀಡಿತು. ದೊಡ್ಡ ದೋಣಿಗಳ ಒತ್ತಡ ತೀರದಿಂದ ಆಳಕ್ಕೆ ಸರಿದರೆ ನಾಡದೋಣಿಗೆ ಉಸಿರಾಡಲು ಅವಕಾಶವಾದೀತು.

ತೆರಿಗೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ತಾಜಾ ಮೀನಿಗೆ ಸರಕು ಮತ್ತು ಸೇವಾ ತೆರಿಗೆಯಿಲ್ಲ. ಮಾರಾಟಕ್ಕೆ ವಿನಾಯಿತಿಯಿರುವುದರಿಂದ ಎಂಜಿನ್, ಬಲೆ, ದುರಸ್ತಿಗಳ ಮೇಲೆ ತೆತ್ತ ತೆರಿಗೆಯ ಹೂಡುವಳಿ ಜಮೆಯೂ ಮೀನುಗಾರನಿಗೆ ಸಿಗುವುದಿಲ್ಲ. ಅದು ಅವನ ಖರ್ಚಿನಲ್ಲಿಯೇ ಉಳಿಯುತ್ತದೆ. ‘ಮೀನುಗಾರನಿಗೆ ತೆರಿಗೆಯೇ ಇಲ್ಲ’ ಎಂಬ ಮಾತು ಅರ್ಧಸತ್ಯ.

ವರ್ತಕರು ಮತ್ತು ಸಣ್ಣ ಉದ್ಯಮಿಗಳು ಮಾಡಬಹುದಾದದ್ದು

ಸಮುದ್ರದಲ್ಲಿ ಯಾವ ಮೀನು ಹಿಡಿಯಬೇಕೆಂಬ ತೀರ್ಮಾನ ಬಹುಮಟ್ಟಿಗೆ ದಡದ ಬೇಡಿಕೆಯಿಂದ ಆಗುತ್ತದೆ. ಆದಕಾರಣ ಖರೀದಿದಾರನೂ ಆಡಳಿತದ ಒಂದು ಅಂಗ. ಅವನಿಂದ ಆಗಬಹುದಾದವು ಇವು:

1. ಕನಿಷ್ಠ ಗಾತ್ರಕ್ಕಿಂತ ಚಿಕ್ಕ ಮೀನನ್ನು ಕೊಳ್ಳದಿರುವುದು. ಕೊಳ್ಳುವವನಿಲ್ಲದ ಮರಿಯನ್ನು ಹಿಡಿಯುವವನಿಲ್ಲ. ಫಿಶ್‌ಮೀಲ್ ಉದ್ಯಮ ಕೂಡಿ ಈ ನಿಯಮವನ್ನು ತಾನೇ ಹಾಕಿಕೊಂಡರೆ ಅದರ ಕಚ್ಚಾವಸ್ತುವೂ ಉಳಿಯುತ್ತದೆ.

2. ಮುಂಗಡದ ಲೆಕ್ಕವನ್ನು ಬರಹದಲ್ಲಿಡುವುದು. ಎಷ್ಟು ಮುಂಗಡ, ಎಷ್ಟು ಕಮಿಷನ್, ಎಷ್ಟು ಕಡಿತ ಎಂಬುದನ್ನು ದೋಣಿಯವನ ಪುಸ್ತಕದಲ್ಲಿಯೂ ಬರೆದುಕೊಟ್ಟರೆ ವಿವಾದ ಕಡಿಮೆಯಾಗುತ್ತದೆ. ಆ ಪುಸ್ತಕವೇ ನಾಳೆ ಅವನಿಗೆ ಬ್ಯಾಂಕಿನಲ್ಲಿ ಸಾಲದ ಆಧಾರವಾಗುತ್ತದೆ.

3. ತೂಕ, ಜಾತಿ, ಗಾತ್ರ ಮತ್ತು ಬಂದರಿನ ಹೆಸರುಳ್ಳ ಖರೀದಿ ದಾಖಲೆಯನ್ನಿಡುವುದು. ರಫ್ತು ಮಾರುಕಟ್ಟೆಯಲ್ಲಿ ಮೀನಿನ ಮೂಲವನ್ನು ತೋರಿಸುವ ದಾಖಲೆಗೆ ಬೆಲೆಯಿದೆ. ಸಂಶೋಧನಾ ಸಂಸ್ಥೆಗಳಿಗೂ ಅದು ಉಪಯುಕ್ತ.

4. ನಾಡದೋಣಿಯ ಮೀನಿನ ತಾಜಾತನಕ್ಕೆ ತಕ್ಕ ಬೆಲೆ ಕೊಡುವುದು. ಹಿಡಿದ ದಿನವೇ ದಡಕ್ಕೆ ಬರುವ ಮೀನನ್ನು ಹಲವು ದಿನಗಳ ಮಂಜುಗಡ್ಡೆಯ ಮೀನಿನೊಡನೆ ಒಂದೇ ರಾಶಿಗೆ ಹಾಕಿದರೆ ಗುಣಮಟ್ಟಕ್ಕೆ ಅರ್ಥವಿಲ್ಲ.

5. ಬಂದರು, ರಸ್ತೆ, ಪ್ರವಾಸೋದ್ಯಮ ಯೋಜನೆಗಳ ಸಭೆಗಳಲ್ಲಿ ಮೀನುಗಾರರ ಸಂಘಗಳೂ ಮೀನು ಮಾರುವ ಮಹಿಳೆಯರ ಪ್ರತಿನಿಧಿಗಳೂ ಇರುವಂತೆ ವಾಣಿಜ್ಯ ಸಂಸ್ಥೆಗಳು ಒತ್ತಾಯಿಸುವುದು.

ಉಪಸಂಹಾರ

ಸಣ್ಣ ಪ್ರಮಾಣದ ಮೀನುಗಾರನಿಗೆ ಅವನ ಪಾಲನ್ನು ಉಳಿಸಿಕೊಡುವುದು ದಾನವಲ್ಲ. ತೀರದ ನೀರಿನಲ್ಲಿ ಮೀನು ಇರುವವರೆಗೆ ಅವನ ದೋಣಿ ಹೊರಡುತ್ತದೆ. ಅವನ ದೋಣಿ ದಡದಲ್ಲೇ ಉಳಿದ ದಿನ ಮೂಲಧನ ಕರಗಿದೆಯೆಂದು ತಿಳಿಯಬೇಕು. ಆ ದಿನದ ನಂತರ ಟ್ರಾಲ್ ದೋಣಿಯೂ, ಮಂಜುಗಡ್ಡೆ ಕಾರ್ಖಾನೆಯೂ, ಫಿಶ್‌ಮೀಲ್ ಘಟಕವೂ ಹೆಚ್ಚು ಕಾಲ ನಡೆಯಲಾರವು. ರಂಪಣಿಯ ಕಾಲದಲ್ಲಿ ನಿಯಮ ತಡವಾಗಿ ಬಂತು. ಇಂದು ನಿಯಮಗಳಿವೆ, ಮಾರ್ಗಸೂಚಿಗಳಿವೆ, ನ್ಯಾಯಾಲಯದ ತೀರ್ಪಿದೆ. ಕೊರತೆಯಿರುವುದು ಪಾಲನೆಯಲ್ಲಿ, ಅದನ್ನು ತುಂಬಿಸುವುದರಲ್ಲಿ ಇಲಾಖೆಗೆ ಇರುವಷ್ಟೇ ಹೊಣೆ ಖರೀದಿಯ ಚೀಟಿ ಬರೆಯುವ ವರ್ತಕನಿಗೂ ಇದೆ. ಪ್ರತಿವರ್ಷ ದಾಸ್ತಾನು ಎಣಿಸಿ ಲೆಕ್ಕ ಮುಗಿಸುವ ಶಿಸ್ತನ್ನು ವಾಣಿಜ್ಯ ಜಗತ್ತು ಬಲ್ಲದು. ಆ ಶಿಸ್ತು ದಕ್ಕೆಯ ಹರಾಜುಕಟ್ಟೆಯವರೆಗೂ ತಲಪಿದರೆ ಮುಂದಿನ ತಲೆಮಾರಿನ ವ್ಯಾಪಾರಕ್ಕೆ ಮೀನು ಉಳಿಯುತ್ತದೆ.